ಬೆಳಕಿನ ಬಸ್ಸಿಗೆ ಟವೆಲ್

ಬಸ್ಸು ಸ್ಟ್ಯಾಂಡಿಗೆ ಬಂದು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಪೈಕಿ ನಾನು. ಕಿಟಕಿ ಪಕ್ಕ ಕೂತು ಊರುಕೇರಿ ನೋಡುತ್ತ ಹೋಗುವುದೇ ಪ್ರಯಾಣ. ತಲುಪುವುದು ಅದರ ಬೆನ್ನಿಗೆ ಬರುವ ತಾಪತ್ರಯ. ಹಾಗಾಗಿ ಬೆಳಕಿನ ವೇಗದ ಹತ್ತಿರ ಹತ್ತಿರ ಓಡುವ ವಾಹನದ ಮಾತು ಬಂದಾಗ ಮನೆಯವರೆಲ್ಲ ‘ಅದರಲ್ಲಿ ವಯಸ್ಸೇ ಆಗೋದಿಲ್ಲವಂತೆ’ ಎಂದು ಬೆರಗಾದರೆ, ನಾನು ಕೇಳಿದ್ದು ಒಂದೇ ಪ್ರಶ್ನೆ: ಕಿಟಕಿಯಲ್ಲಿ ಏನು ಕಾಣುತ್ತದೆ?

ಅಕ್ಕನ ಮಗ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ಮೊಬೈಲಿನಿಂದ ತಲೆ ಎತ್ತದೆ, ‘ಕಿಟಕೀಲಿ ಕತ್ತಲೆ ಮಾವ. ನೋಡೋಕಿರೋದೆಲ್ಲ ಡ್ರೈವರ್ ಮುಂದಿನ ಗಾಜಿನಲ್ಲೇ’ ಅಂದ. ಮಾವನ ಆಸೆಗೆ ಇಷ್ಟು ನಿರ್ದಾಕ್ಷಿಣ್ಯವಾಗಿ ನೀರೆರಚುವುದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ.

ಆದರೆ ಅವನು ಹೇಳಿದ್ದು ಸುಳ್ಳಲ್ಲ. ನೆಟ್ಟಗೆ ಸುರಿಯುವ ಮಳೆ, ಸ್ಕೂಟರ್ ಹೊರಟ ಕೂಡಲೇ ಮುಖಕ್ಕೆ ಬಡಿಯತೊಡಗುತ್ತದೆ; ಕನ್ನಡಕ ತೊಯ್ದು ತೊಪ್ಪೆ, ಬೆನ್ನು ಅಷ್ಟೇನೂ ಇಲ್ಲ. ಬೆಳಕಿನದೂ ಅದೇ ಕತೆ. ಪಕ್ಕದಿಂದ ಬರಬೇಕಾದದ್ದು ಓಡುವವನಿಗೆ ಎದುರಿನಿಂದ ಬಂದಂತೆ ತೋರುತ್ತದೆ. ಇಂಗ್ಲೆಂಡಿನ ಜೇಮ್ಸ್ ಬ್ರಾಡ್ಲಿ ನಕ್ಷತ್ರಗಳ ದೂರ ಅಳೆಯಲು ದೂರದರ್ಶಕ ಹೂಡಿ ಕೂತಿದ್ದಾಗ, ಅವು ವರ್ಷವಿಡೀ ಕಾರಣ ತಿಳಿಯದೆ ಜಾಗ ಬದಲಿಸುವುದನ್ನು ಕಂಡ. ನಾವು ಕೂತಿರುವ ಭೂಮಿಯೇ ಸೆಕೆಂಡಿಗೆ ಸುಮಾರು 30 ಕಿ.ಮೀ. ಓಡುತ್ತಿರುವುದರ ಫಲ ಅದು ಎಂದು 1728ರಲ್ಲಿ ಅವನಿಗೆ ಹೊಳೆಯಿತು. ಆ ಸರಿದಾಟ ಒಂದು ಡಿಗ್ರಿಯ ಸುಮಾರು 175ನೇ ಒಂದು ಪಾಲು ಮಾತ್ರ. ಬೆಳಕಿನ ವೇಗದ ಶೇ. 99ಕ್ಕೆ ಹೋದರೆ? ಎದುರಿನ ಅರ್ಧ ಆಕಾಶ ಪೂರ್ತಿಯಾಗಿ, ಕೈ ಚಾಚಿ ಹಿಡಿದ ಒಂದು ಗೇಣಿನೊಳಗೆ ಕೂತುಬಿಡುತ್ತದೆ.

ವೇಗ ಹಿಡಿಯುವ ಹೊತ್ತಿನ ನೋಟ ಇನ್ನೂ ತಮಾಷೆಯದು. ಎದುರಿಗಿರುವ ಊರು ಹತ್ತಿರ ಬರುವ ಬದಲು ಕುಗ್ಗುತ್ತ ದೂರ ಸರಿದಂತೆ ಕಾಣುತ್ತದೆ. ರಾತ್ರಿ ಬಸ್ಸಿನಲ್ಲಿ ಕಂಡಕ್ಟರನ್ನು ‘ಊರು ಬಂತಾ ಸಾರ್’ ಎಂದು ಕೇಳಿ ಕೇಳಿ ಸುಸ್ತಾದವರಿಗೆ ಈ ಅನುಭವ ಹೊಸದೇನಲ್ಲ.

ಈಗ ದಾರಿಬದಿಯ ಒಂದು ಮನೆ ತೆಗೆದುಕೊಳ್ಳಿ. ಹಬ್ಬದ ದಿನ. ಬಾಗಿಲಿಗೆ ತೋರಣ, ಅಂಗಳದಲ್ಲಿ ರಂಗೋಲಿ, ಎಲ್ಲ ಒಪ್ಪ. ಅದೇ ಶೇ. 99ರ ವೇಗದಲ್ಲಿ ಆ ಮನೆ ನಮ್ಮ ಮುಂದೆ, 30 ಡಿಗ್ರಿ ಓರೆಯಲ್ಲಿ ಕಾಣುವಾಗ, ನಮ್ಮ ಕಣ್ಣಿಗೆ ಬೀಳುತ್ತಿರುವುದು ನಾವು ಅದನ್ನು ದಾಟಿಹೋದ ಮೇಲೆ ಹಿಂಬದಿಯಿಂದ ಕಾಣಬೇಕಾದ ನೋಟ. ಅಂದರೆ ಹಿತ್ತಲು. ತಂತಿಯ ಮೇಲೆ ಒಣಗಲು ಹಾಕಿದ ಲುಂಗಿ, ತೂತುಬಿದ್ದ ಬಕೆಟ್ಟು, ಮೂಲೆಗೆ ಒರಗಿಸಿದ ಹಿಡಿಗಡ್ಡಿ. ಲೆಕ್ಕ ಹಾಕಿದರೆ ಸರಿಸುಮಾರು ಅದೇ ಓರೆಯಲ್ಲಿ ಬಣ್ಣಗಳೂ ಬದಲಾಗುವುದಿಲ್ಲ, ಹಾಗಾಗಿ ಲುಂಗಿಯ ಚೌಕಳಿ ಕೂಡ ತಪ್ಪಿಸಿಕೊಳ್ಳುವಂತಿಲ್ಲ. ಇಷ್ಟು ಮುಂದುವರಿದ ವಿಜ್ಞಾನಕ್ಕೆ ಮನೆಯವರ ಮಾನದ ಬಗ್ಗೆ ಒಂದಿಷ್ಟೂ ಕಾಳಜಿಯಿಲ್ಲ.

ಓಡುವ ವಸ್ತು ಓಟದ ದಿಕ್ಕಿನಲ್ಲಿ ಚಪ್ಪಟೆಯಾಗುತ್ತದೆ ಎಂದು ಓದಿ, ಹೊಟ್ಟೆ ಕರಗಿಸಲು ಇದೇ ಸುಲಭದ ದಾರಿ ಎಂದುಕೊಂಡವರಿಗೂ ನಿರಾಸೆ ಕಾದಿದೆ. ಶೇ. 99ರ ವೇಗದಲ್ಲಿ ಅಳತೆಗೆ ಅದು ಏಳರಲ್ಲಿ ಒಂದು ಪಾಲಾಗುವುದು ನಿಜ. ಜಾರ್ಜ್ ಗ್ಯಾಮೋ ತನ್ನ ಮಿಸ್ಟರ್ ಟಾಂಪ್‌ಕಿನ್ಸ್ ಕತೆಯಲ್ಲಿ ಸೈಕಲ್ ಸವಾರನನ್ನು ಹಾಗೇ ಚಪ್ಪಟೆ ಮಾಡಿ ತೋರಿಸಿದ್ದ. ಆದರೆ ಅಳತೆ ಬೇರೆ, ಕಾಣುವುದು ಬೇರೆ. 1959ರಲ್ಲಿ ಜೇಮ್ಸ್ ಟೆರೆಲ್ ಮತ್ತು ರೋಜರ್ ಪೆನ್‌ರೋಸ್ ಬೇರೆಬೇರೆಯಾಗಿ ತೋರಿಸಿಕೊಟ್ಟರು: ವಸ್ತು ತೆಳ್ಳಗೆ ಕಾಣುವುದಿಲ್ಲ, ಮಗ್ಗುಲು ತಿರುಗಿದಂತೆ ಕಾಣುತ್ತದೆ. ದುಂಡಗಿರುವುದರ ಅಂಚು ದುಂಡಗೇ ಉಳಿಯುತ್ತದೆ. ದುಂಡು ಹೊಟ್ಟೆಯವರು ಗಮನಿಸಿ.

ಬಣ್ಣದ ವಿಷಯಕ್ಕೆ ಬಂದರೆ, ಎದುರಿನ ಬೆಳಕು ನೀಲಿಯತ್ತ ಸರಿಯುತ್ತದೆ. ಸಿಗ್ನಲ್ ದಾಟಿ ಸಿಕ್ಕಿಬಿದ್ದ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್, ತನ್ನ ಓಟಕ್ಕೆ ಕೆಂಪು ದೀಪ ಹಸಿರಾಗಿ ಕಂಡಿತು ಎಂದು ವಾದಿಸಿದನೆಂದೂ, ನ್ಯಾಯಾಧೀಶರು ಹಾಗಿದ್ದರೆ ಅತಿವೇಗಕ್ಕೆ ದಂಡ ಕಟ್ಟು ಎಂದರೆಂದೂ ಒಂದು ಕತೆ ಓಡಾಡುತ್ತದೆ. ಅದಕ್ಕೆ ಸೆಕೆಂಡಿಗೆ ಸುಮಾರು 60,000 ಕಿ.ಮೀ. ವೇಗ ಬೇಕು. ಬೆಂಗಳೂರಿನಲ್ಲಿ ಈ ನೆಪ ನಡೆಯುವುದಿಲ್ಲ. ಗಂಟೆಗೆ 60 ಕೂಡ ಇಲ್ಲಿ ಸಿಗುವುದಿಲ್ಲ ಎಂದು ಪೊಲೀಸರಿಗೆ ಗೊತ್ತು.

ಶೇ. 99ಕ್ಕೆ ಹೋದಾಗ ನೇರ ಎದುರಿನ ಬೆಳಕಿನ ಕಂಪನ 14 ಪಟ್ಟು ಏರುತ್ತದೆ. ನಾವು ಬಲ್ಲ ಬಣ್ಣಗಳೆಲ್ಲ ಅತಿನೇರಳೆಗೆ ಜಿಗಿದು ಮಾಯ. ಅವುಗಳ ಜಾಗಕ್ಕೆ, ಎಂದೂ ಕಣ್ಣಿಗೆ ಬೀಳದ ಮೈಶಾಖದ ಕಿರಣಗಳು ಬಂದು ಬೆಳಕಾಗುತ್ತವೆ. 37 ಡಿಗ್ರಿ ಮೈಬಿಸಿಯ ಮನುಷ್ಯ 4,000 ಡಿಗ್ರಿಗೂ ಮೀರಿ ಕಾದವನಂತೆ ಝಗಝಗಿಸುತ್ತಾನೆ. ದೇವರ ಪಟಗಳಲ್ಲಿ ಮಾತ್ರ ಕಂಡ ತೇಜಸ್ಸು ರಸ್ತೆ ಮಧ್ಯೆ ಮಲಗಿದ ಎಮ್ಮೆಗೂ ಬರುತ್ತದೆ, ಅದರ ಪಕ್ಕದ ಸಗಣಿಗೂ. ಪಕ್ಕದ ಕಿಟಕಿಯಲ್ಲೋ, ಅಳಿಯ ಹೇಳಿದಂತೆ, ಕತ್ತಲೆ: ಅಲ್ಲಿಗೆ ಬರುವ ಅಲ್ಪಸ್ವಲ್ಪ ಬೆಳಕು ಕೆಂಪನ್ನೂ ದಾಟಿ ಇಳಿದುಹೋಗಿರುತ್ತದೆ.

ಇನ್ನೂ ಒತ್ತಿ, ಶೇ. 99.9998ಕ್ಕೆ ಏರಿಸಿದರೆ ನಕ್ಷತ್ರಗಳೂ ಇಲ್ಲ. ಅವುಗಳ ಬೆಳಕು ಎಕ್ಸ್-ರೇ ಆಗಿರುತ್ತದೆ. 1965ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಪತ್ತೆಹಚ್ಚಿದ, ಮೈನಸ್ 270 ಡಿಗ್ರಿಯ ವಿಶ್ವದ ಹಿನ್ನೆಲೆ ವಿಕಿರಣವೇ ಹಳೇ ಕಾಲದ ಬಲ್ಬಿನ ತಂತಿಯ ಬಣ್ಣಕ್ಕೇರಿ ಎದುರಿಗೆ ಒಂದು ಬೆಳಕಿನ ಚುಕ್ಕೆಯಾಗಿ ನಿಲ್ಲುತ್ತದೆ. ಸ್ಟಾರ್ ವಾರ್ಸ್ ಚಿತ್ರದಲ್ಲಿ ನಕ್ಷತ್ರಗಳು ಗೆರೆಗೆರೆಯಾಗಿ ಎಳೆದುಕೊಳ್ಳುವುದು ಬರೀ ಸಿನಿಮಾ ಎಂದು ಲೆಸ್ಟರ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2013ರಲ್ಲಿ ಲೆಕ್ಕ ಹಾಕಿ ಹೇಳಿದರು. ಒಂದು ಮಸುಕು ಚುಕ್ಕೆ, ಸುತ್ತ ಕತ್ತಲೆ, ಮೇಲೆ ಎಕ್ಸ್-ರೇ! ಇದನ್ನು ನೋಡಲು ಟಿಕೆಟ್ ಕೊಟ್ಟು ಹೋಗಬೇಕೆ?

ಹೋಗೋಣವೆಂದರೂ ಅಷ್ಟು ವೇಗದ ವಾಹನ ಇನ್ನೂ ಇಲ್ಲ. ನಾಸಾದ ಪಾರ್ಕರ್ ನೌಕೆ 2024ರ ಡಿಸೆಂಬರಿನಲ್ಲಿ ಗಂಟೆಗೆ 6.9 ಲಕ್ಷ ಕಿ.ಮೀ. ಮುಟ್ಟಿತು, ಅದೂ ಬೆಳಕಿನ ವೇಗದ ಶೇ. 0.06 ಮಾತ್ರ, ಒಳಗೆ ಯಾರೂ ಇರಲಿಲ್ಲ. 1969ರಲ್ಲಿ ಚಂದ್ರನಿಂದ ಮರಳಿದ ಅಪೊಲೊ 10 ಮುಟ್ಟಿದ್ದು ಗಂಟೆಗೆ ಸುಮಾರು 39,900 ಕಿ.ಮೀ. ಅದರಲ್ಲಿ ಪ್ರಯಾಣಿಕರು ಮೂವರು, ಕಿಟಕಿಗಳು ಐದು.