ದಾಂಪತ್ಯ ಛಾಯಾಪ್ರಮಾಣ ಮೀಮಾಂಸೆ: ಡೆಂಕಣಿಕೋಟೆ ಪಾಠ

ಪ್ರಾಚೀನರ ಪ್ರಕಾರ ಯಾವ ಶಾಸ್ತ್ರಕ್ಕೂ ನಾಲ್ಕು ಅನುಬಂಧಗಳಿರಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಪ್ರಕೃತ ಶಾಸ್ತ್ರದಲ್ಲಿ ವಿಷಯ ಮದುವೆ ಫೋಟೋ, ಪ್ರಯೋಜನ ಗಂಡನಿರುವ ದೇಶದ ವೀಸಾ. ಸಂಬಂಧ ಉಂಟೋ ಇಲ್ಲವೋ ಎಂಬುದೇ ವಿವಾದ. ಅಧಿಕಾರಿ ಗಾಜಿನ ಆಚೆ ಕೂತಿರುತ್ತಾನೆ.

ಸೂತ್ರಕಾರರಲ್ಲಿ ಮತಭೇದವಿದೆ. ಕೆನಡಾ ಮತದವರು 20 ಫೋಟೋ ಮೀರಬಾರದೆನ್ನುತ್ತಾರೆ. ಆಸ್ಟ್ರೇಲಿಯಾದವರು ಹಣಕಾಸು, ಮನೆವಾರ್ತೆ, ಸಮಾಜ, ಪರಸ್ಪರ ಬದ್ಧತೆ ಎಂಬ ನಾಲ್ಕು ಪಾದಗಳ ಮೇಲೆ ದಾಂಪತ್ಯವನ್ನು ನಿಲ್ಲಿಸುತ್ತಾರೆ. ಅಮೆರಿಕದವರು 1986ರ ಕಾಯ್ದೆಯ ಬಲದಿಂದ, ಮದುವೆಯಾಗಿ ಎರಡು ವರ್ಷ ತುಂಬದವರಿಗೆ ಎರಡೇ ವರ್ಷದ ಗ್ರೀನ್ ಕಾರ್ಡ್ ಕೊಟ್ಟು, ಅವಧಿ ಮುಗಿಯುವಾಗ ಮತ್ತೊಮ್ಮೆ ಸಾಧಿಸಿ ತೋರಿಸಿ ಎನ್ನುತ್ತಾರೆ. ಸಪ್ತಪದಿ ಏಳಕ್ಕೇ ಮುಗಿಯಿತೆಂದು ನಂಬಿದ್ದ ನಮ್ಮ ಕಡೆಯವರಿಗೆ ಇದು ಎಂಟನೆಯ ಹೆಜ್ಜೆ.

ಮನು ಹೇಳಿದ ಎಂಟು ವಿವಾಹಗಳಲ್ಲಿ ವೀಸಾ ಆಫೀಸರಿಗೆ ಸಲೀಸಾಗಿ ಅರ್ಥವಾಗುವುದು ಗಾಂಧರ್ವ. ಮದುವೆಗೆ ಮುಂಚೆ ಕಾಫಿ ಕುಡಿದ, ಬೆಟ್ಟ ಹತ್ತಿದ ಫೋಟೋ ಅದರಲ್ಲಿ ಯಥೇಚ್ಛ. ಹಿರಿಯರು ಗೊತ್ತು ಮಾಡಿದ ಮದುವೆಯಲ್ಲಿ ಹೆಣ್ಣು ನೋಡಲು ಬಂದ ದಿನದ ಚಿತ್ರವೇನೋ ಇರುತ್ತದೆ, ನಡುವೆ ಸೋದರತ್ತೆ ಕೂತಿರುತ್ತಾರೆ. ಸೋದರತ್ತೆಯ ಮಗನನ್ನೇ ಕಟ್ಟಿಕೊಂಡವಳಿಗಾದರೆ ತೊಟ್ಟಿಲಿನಿಂದಲೇ ಜೋಡಿ ಫೋಟೋ ಸಿಗುತ್ತದೆ. ಅದನ್ನು ಲಗತ್ತಿಸುವುದು ಬೇಡ, ಬೇರೆ ಪ್ರಶ್ನೆಗಳೇಳುತ್ತವೆ.

ಇನ್ನು ಮೂಲಪಾಠ, ಅಂದರೆ ಆಲ್ಬಮ್ಮು. ತಮಿಳುನಾಡಿನ ಡೆಂಕಣಿಕೋಟೆಯ ಮದುವೆ ಆಲ್ಬಮ್ಮಿನಲ್ಲಿ ಊರೆಲ್ಲ ಇರುತ್ತದೆ, ಗಂಡಹೆಂಡತಿ ಇಬ್ಬರೇ ಇರುವ ಪುಟ ಹುಡುಕಬೇಕು. ಮುಹೂರ್ತದಲ್ಲಿ ಇಬ್ಬರ ನಡುವೆ ಅಂತರಪಟ. ಮಾಂಗಲ್ಯ ಕಟ್ಟುವಾಗ ಅಕ್ಷತೆಯ ಮಳೆ, ಮುಂದೆ ವಿಡಿಯೋದವನ ಬೆನ್ನು. ಆರತಕ್ಷತೆಯಲ್ಲಿ ಇಬ್ಬರೂ ಚೆನ್ನಾಗಿ ಕಾಣುತ್ತಾರೆ, ನಿಜ. ಆದರೆ ಅಕ್ಕಪಕ್ಕ ಕವರು ಕೊಟ್ಟವರು: ಕನ್ನಡದವರು, ತೆಲುಗಿನವರು, ತಮಿಳಿನವರು, ಊಟಕ್ಕೆ ಹೊತ್ತಾಯಿತೆಂಬ ಒಂದೇ ಮುಖಭಾವದಲ್ಲಿ. ಎಲ್ಲಕ್ಕಿಂತ ಅಪಾಯದ್ದು ಅರುಂಧತಿ ದರ್ಶನ. ನಡುಹಗಲಲ್ಲಿ ಗಂಡ ಛತ್ರದ ಫ್ಯಾನಿನತ್ತ ಬೆರಳು ಮಾಡಿದ್ದಾನೆ, ಹೆಂಡತಿ ನಕ್ಷತ್ರ ಕಂಡವಳಂತೆ ತಲೆಯಾಡಿಸುತ್ತಿದ್ದಾಳೆ. ದಾಂಪತ್ಯಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ ಎಂಬುದು ಈ ಲೇಖಕನ ಮತ. ಆಫೀಸರಿಗೆ ಅದನ್ನು ತಿಳಿಸಿ ಹೇಳುವ ಭಾಷ್ಯ ಇನ್ನೂ ಹುಟ್ಟಿಲ್ಲ.

ಕಾಲನಿರ್ಣಯ ಈ ಶಾಸ್ತ್ರದ ಕಠಿಣ ಭಾಗ. ವಾಟ್ಸಾಪಿನಲ್ಲಿ ಹಾದು ಬಂದ ಫೋಟೋ, ತೆಗೆದ ಹೊತ್ತಿನ ಮತ್ತು ಜಾಗದ ಗುರುತನ್ನು ದಾರಿಯಲ್ಲೇ ಕಳೆದುಕೊಂಡಿರುತ್ತದೆ. ಫೈಲಿನ ಹೆಸರಲ್ಲಿರುವ ತಾರೀಕು ಅದು ಮೊಬೈಲಿಗೆ ಬಂದಿಳಿದ ದಿನದ್ದು. ಶಾಸನತಜ್ಞರು ಲಿಪಿ ನೋಡಿ ಶತಮಾನ ಹೇಳುವಂತೆ ಇಲ್ಲಿ ಸೀರೆ ನೋಡಿ ಹಬ್ಬ ಹೇಳಬೇಕು, ಮತ್ತು ಈ ವಿದ್ಯೆಗೆ ಅತ್ತೆಯರೇ ಆಚಾರ್ಯರು. "ಇದು ಬೇಟರಾಯಸ್ವಾಮಿ ತೇರಿಗೆ ಉಟ್ಟಿದ್ದು ಕಣಮ್ಮ, ಗೌರಿ ಹಬ್ಬದ್ದಲ್ಲ" ಎಂದು ಅವರು ಹೇಳಿದರೆ ಮೇಲ್ಮನವಿಯಿಲ್ಲ. ಸ್ಥಳನಿರ್ಣಯವೂ ಸುಲಭವಲ್ಲ. ಕೃಷ್ಣಗಿರಿ ಜಿಲ್ಲೆಯಾದದ್ದು 2004ರಲ್ಲಿ. ಅದಕ್ಕೆ ಮುಂಚೆ ಇಲ್ಲಿ ಹುಟ್ಟಿದ ಹುಡುಗಿ ಧರ್ಮಪುರಿ ಜಿಲ್ಲೆಯಲ್ಲಿ ಹುಟ್ಟಿ ಕೃಷ್ಣಗಿರಿ ಜಿಲ್ಲೆಯಲ್ಲಿ ಮದುವೆಯಾಗುತ್ತಾಳೆ, ಬೀದಿ ಬದಲಾಗಿರುವುದಿಲ್ಲ.

ಇಲ್ಲಿ ಪೂರ್ವಪಕ್ಷ: ಫೋಟೋ ಇಲ್ಲದಿದ್ದರೆ ಸಂಸಾರವೇ ಇಲ್ಲವೇ? ನಮ್ಮ ಅಜ್ಜ ಅಜ್ಜಿಯರದು ಮದುವೆಯಲ್ಲೊಂದು, ಷಷ್ಟಿಪೂರ್ತಿಯಲ್ಲೊಂದು. ನಡುವಿನದಕ್ಕೆಲ್ಲ ಮಕ್ಕಳೇ ಸಾಕ್ಷಿ. ಉತ್ತರ: ಅವರಿಗೆ ಕೆನಡಾ ಸಿಗುತ್ತಿರಲಿಲ್ಲ, ಅವರು ಕೇಳಲೂ ಇಲ್ಲ.

ಸಿದ್ಧಾಂತ ಹೀಗಿದೆ. ಪ್ರೀ-ವೆಡ್ಡಿಂಗ್ ಶೂಟಿನ ಇಪ್ಪತ್ತೂ ಫೋಟೋ ಒಂದೇ ದಿನದವಾದರೆ ಅವೆಲ್ಲ ಸೇರಿ ಒಂದೇ ಸಾಕ್ಷಿ. ಬೇರೆ ಬೇರೆ ತಿಂಗಳು, ಬೇರೆ ಬೇರೆ ಮನೆ, ಪಕ್ಕದಲ್ಲಿ ಅತ್ತೆಮಾವ, ಯಾರೋ ಕಣ್ಣು ಮುಚ್ಚಿದ್ದು, ಇಂಥವೇ ಬಲವತ್ತರ. ಪ್ರತಿಯೊಂದರ ಕೆಳಗೂ ತಾರೀಕು, ಊರು, ಇರುವವರ ಹೆಸರು, ನಂಟು ಬರೆಯತಕ್ಕದ್ದು.

ಇಷ್ಟು ಜೋಡಿಸಿದರೂ ಫೋಟೋ ಉಪಪ್ರಮಾಣವೇ. ಮುಖ್ಯಪ್ರಮಾಣ ಮದುವೆ ಸರ್ಟಿಫಿಕೇಟು. ತಮಿಳುನಾಡಿನ 2009ರ ಕಾಯ್ದೆಯಂತೆ ಮದುವೆಯಾದ 90 ದಿನದೊಳಗೆ ನೋಂದಣಿ ಮಾಡಿಸಬೇಕು. ಆದ್ದರಿಂದ ಓದುಗರೇ, ಬೀಗರೂಟ ಮುಗಿದ ಕೂಡಲೇ ಮೊದಲು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬನ್ನಿ. ಹೋಗುವಾಗ ಲಗ್ನಪತ್ರಿಕೆಯ ಒಂದು ಪ್ರತಿ ಕೈಯಲ್ಲಿರಲಿ.