ಈ ಕ್ಷಣದ ಭಾವ

ಮೈಂಡ್‌ಫುಲ್‌ನೆಸ್ ಹಿಡಿದವರನ್ನು ಗುರುತಿಸುವುದು ಸುಲಭ. ನೀವು ಏನೇ ಕೇಳಿ, ಅವರು ಮೊದಲು ಒಂದು ಉಸಿರು ಎಳೆದುಕೊಳ್ಳುತ್ತಾರೆ. "ಕಾಫಿ ಕುಡೀತೀರಾ?" ಎಂದರೂ ಉಸಿರು, "ಬಚ್ಚಲಲ್ಲಿ ನಲ್ಲಿ ನಿಲ್ಲಿಸದೆ ಬಂದಿದ್ದೀರಿ" ಎಂದರೂ ಉಸಿರು. ಆಮೇಲೊಂದು ಮಂದಹಾಸ. ಉತ್ತರ ಬರುವಷ್ಟರಲ್ಲಿ ಕಾಫಿ ಆರಿರುತ್ತದೆ, ಬಕೆಟ್ಟು ತುಂಬಿ ಹರಿದಿರುತ್ತದೆ. ಕೋಪ ಬಂದರೆ "ಕೋಪ ಬಂತು" ಎನ್ನುವವರಲ್ಲ. "ಒಳಗೆ ಕೋಪ ಏಳೋದನ್ನ ಗಮನಿಸಿದೆ" ಎನ್ನುತ್ತಾರೆ, ಕೋಪ ಪಕ್ಕದ ಮನೆಯವರದೇನೋ ಎಂಬಂತೆ. ಬೆಂಗಳೂರಿನಲ್ಲಿ ಈ ಜಾತಿ ಈಗ ಬೇಕಾದಷ್ಟಿದೆ. ಸಾಫ್ಟ್‌ವೇರ್ ಕಂಪನಿಗಳ ಎಚ್.ಆರ್. ವಿಭಾಗದವರೇ ತಯಾರು ಮಾಡಿ ಊರಿಗೆ ಬಿಡುತ್ತಾರೆ. ನಮ್ಮ ಮನೆತನದ ಪಾಲಿಗೆ ಬಂದದ್ದು ಒಬ್ಬರು: ಅಕ್ಕನ ಗಂಡ, ನಮ್ಮ ಭಾವ.

ಭಾವನಿಗೆ ಇದು ಹತ್ತಿದ್ದು ಬಿ.ಪಿ.ಯ ದೆಸೆಯಿಂದ. ಡಾಕ್ಟರು ಮಾತ್ರೆ ಬರೆದು "ಟೆನ್ಷನ್ ಕಡಿಮೆ ಮಾಡ್ಕೊಳ್ಳಿ" ಎಂದರು. ಆಫೀಸಿನವರು ಎಂಟು ವಾರದ ಕೋರ್ಸಿಗೆ ಹಾಕಿದರು. ಜಾನ್ ಕಬಾಟ್-ಜಿನ್ ಎಂಬುವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ಯಾವ ಔಷಧಿಗೂ ಬಗ್ಗದ ನೋವು ಹೊತ್ತು ಬಂದ ರೋಗಿಗಳಿಗೆಂದು ಶುರು ಮಾಡಿದ ಕ್ರಮ ಅದು. ಬುದ್ಧನ ಸರಕನ್ನೇ ಧರ್ಮದ ಚೀಟಿ ಕಿತ್ತು ಆಸ್ಪತ್ರೆಗೆ ಹೊಂದಿಸಿದ್ದು. ಭಾವನ ಬಿ.ಪಿ. ಇಳಿದದ್ದಂತೂ ನಿಜ. ಮಾತ್ರೆ ತಪ್ಪಿಸದೆ ನುಂಗಿಸಿದ್ದರಿಂದ ಇಳಿಯಿತು ಎಂಬುದು ಅಕ್ಕನ ವಾದ. ಇಳಿದದ್ದು ಎಲ್ಲಿಗೆ ಹೋಯಿತೆಂದು ಮಾತ್ರ ಯಾರೂ ವಿಚಾರಿಸಲಿಲ್ಲ. ನನ್ನಲ್ಲಿಗೆ ಬಂತು.

ಕೋರ್ಸಿನ ಮೊದಲ ಪಾಠ ಒಣದ್ರಾಕ್ಷಿ. ಒಂದೇ ಒಂದು ದ್ರಾಕ್ಷಿಯನ್ನು ಅಂಗೈ ಮೇಲಿಟ್ಟು, ಹುಟ್ಟಿದಾರಭ್ಯ ಕಂಡೇ ಇಲ್ಲ ಎನ್ನುವ ಹಾಗೆ ನೋಡಬೇಕು. ಮುಟ್ಟಬೇಕು, ಮೂಸಬೇಕು, ಕಿವಿಯ ಹತ್ತಿರ ಹಿಸುಕಿ ಸದ್ದು ಕೇಳಬೇಕು, ನಾಲಗೆಯ ಮೇಲೆ ಕಾಯಿಸಬೇಕು, ಆಮೇಲೆ ಅಗಿಯಬೇಕು. ಒಣದ್ರಾಕ್ಷಿಗೆ ಇದೆಲ್ಲ ತಡೆಯುತ್ತದೆ. ಅದಕ್ಕೇನು ಆರುವ ಭಯವೇ, ಮೆತ್ತಗಾಗುವ ಭಯವೇ? ಭಾವ ಆ ಪಾಠವನ್ನು ಮಸಾಲೆ ದೋಸೆಗೂ ವಿಸ್ತರಿಸಿದರು.

ಅದೂ ಎಲ್ಲಿ? ಭಾನುವಾರ ಬೆಳಿಗ್ಗೆ ಎಂಟೂವರೆಗೆ, ಬಸವನಗುಡಿಯ ಒಂದು ದರ್ಶಿನಿಯಲ್ಲಿ. ದರ್ಶಿನಿಯ ಧರ್ಮ ನಿಮಗೆ ಗೊತ್ತು: ಟೋಕನ್ ತಗೊ, ತಟ್ಟೆ ಹಿಡಿ, ನಿಂತು ತಿನ್ನು, ಜಾಗ ಬಿಡು. ನಮ್ಮ ಮೇಜಿನ ಪಕ್ಕದಲ್ಲಿ ಆಗಲೇ ಮೂವರು ತಟ್ಟೆ ಹಿಡಿದು ನಮ್ಮ ತುತ್ತು ಎಣಿಸುತ್ತ ನಿಂತಿದ್ದರು. ಭಾವ ದೋಸೆಯನ್ನು ನೋಡಿದರು. ಬೆಣ್ಣೆ ಕರಗುವುದನ್ನು ನೋಡಿದರು. ಕರಗಿ ಮುಗಿದದ್ದನ್ನೂ ನೋಡಿದರು. ಬೆರಳ ತುದಿಯಿಂದ ಅಂಚು ಸವರಿದರು. ಬಗ್ಗಿ ಮೂಸಿದರು. ಮೇಜು ಒರೆಸುವ ಹುಡುಗ ಗಾಬರಿಯಾಗಿ ಓಡಿಬಂದು "ಏನ್ ಸಾರ್, ಏನಾದ್ರೂ ಬಿದ್ದಿದ್ಯಾ?" ಎಂದ. ಭಾವ ಉಸಿರು ಎಳೆದು, ಮುಗುಳ್ನಕ್ಕು, ದೋಸೆಯ ಚೂರೊಂದನ್ನು ಮುರಿದು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರು.

ಇಡ್ಲಿ-ವಡೆ ಹಿಡಿದು ನಿಂತಿದ್ದ ಪಂಚೆಯ ಹಿರಿಯರೊಬ್ಬರು ನನ್ನನ್ನು ಮೆಲ್ಲಗೆ ಕೇಳಿದರು: "ಲೈನ್ ಸಿಕ್ತೇನಪ್ಪಾ ಅವರಿಗೆ?"

ನಾನು ಇವರ ಪೈಕಿಯವನೇ ಅಲ್ಲ ಎಂಬ ಮುಖ ಮಾಡಿಕೊಂಡು ಚಟ್ನಿ ಹಾಕಿಸಿಕೊಳ್ಳಲು ಹೋದೆ. ಬಂದಾಗ ಮೊದಲ ತುತ್ತು ಇನ್ನೂ ಬಾಯಲ್ಲಿತ್ತು. "ಆಲೂಗೆಡ್ಡೆ ಬೆಳೆದ ಮಣ್ಣು, ಮಳೆ, ರೈತನ ಬೆವರು, ಎಲ್ಲಾ ಈ ತುತ್ತಲ್ಲಿದೆ ಕಣೋ" ಎಂದರು.

"ಕಾಯ್ತಾ ನಿಂತಿರೋ ಮೂರು ಜನಾನೂ ಇದ್ದಾರೆ ಭಾವ" ಎಂದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಪಾಲಿಯ ಸತಿಪಟ್ಠಾನ ಸುತ್ತದಲ್ಲಿ ಬುದ್ಧ ನಡೆಯುವಾಗ, ಉಣ್ಣುವಾಗ, ಮಾತಾಡುವಾಗ, ಕಡೆಗೆ ಮಲಮೂತ್ರ ವಿಸರ್ಜಿಸುವಾಗಲೂ ಎಚ್ಚರವಿರಲಿ ಎನ್ನುತ್ತಾನೆ. ಹೇಳಿದ್ದು ಭಿಕ್ಷುಗಳಿಗೆ, ಅವರಿಗೆ ಕಾಡಿತ್ತು. ಅಕ್ಕನ ಮನೆಯಲ್ಲಿರುವುದು ಒಂದೇ ಟಾಯ್ಲೆಟ್ಟು, ಸ್ಕೂಲಿಗೆ ಹೊರಟ ಮಕ್ಕಳು ಇಬ್ಬರು. ಕೆಂಪು ದೀಪ ಕಂಡಾಗ ಉಸಿರಿಗೆ ಮರಳಿ ಎಂದು ವಿಯೆಟ್ನಾಮಿನ ಬೌದ್ಧ ಗುರು ತಿಕ್ ನಾಟ್ ಹಾನ್ ಕಲಿಸುತ್ತಿದ್ದರು. ಹಸಿರು ಬಿದ್ದ ಮೇಲೂ ಭಾವ ಉಸಿರಿನಲ್ಲೇ ಇರುತ್ತಾರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹಾರ್ನು, ಬೈಗುಳಗಳೆಲ್ಲ ಸ್ಕೂಟರಿನ ಹಿಂದೆ ಕುಳಿತ ನನ್ನ ಪಾಲಿಗೆ. ವಿಪಶ್ಯನ ಶಿಬಿರಕ್ಕೂ ಹೋಗಿ ಬಂದರು: ಹತ್ತು ದಿನ, ಬೆಳಗಿನ ಜಾವ ನಾಲ್ಕಕ್ಕೆ ಗಂಟೆ, ಮೌನ, ಫೋನಿಲ್ಲ. ಅಲ್ಲಿ ಉಳಿಸಿದ ಮಾತನ್ನೆಲ್ಲ ಮನೆಗೆ ಬಂದು ಬಡ್ಡಿ ಸಮೇತ ನಮಗೆ ಸಲ್ಲಿಸಿದರು. ಎಚ್ಚರವಿರುವ ಹೊತ್ತಿನ ಸುಮಾರು ಶೇಕಡಾ 47ರಷ್ಟು ಕಾಲ ಮನುಷ್ಯನ ಮನಸ್ಸು ಕೈಯಲ್ಲಿರುವ ಕೆಲಸ ಬಿಟ್ಟು ಅಲೆಯುತ್ತದೆ, ಅಲೆಯುವಾಗ ಸುಖ ಕಡಿಮೆ ಎಂದು ಹಾರ್ವರ್ಡಿನ ಇಬ್ಬರು ಮನೋವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ್ದು ಅವರಿಗೆ ಬಾಯಿಪಾಠ. "ಹಾಗಾದ್ರೆ 53 ಬಂತಲ್ಲ ಭಾವ, ಸೆಕೆಂಡ್ ಕ್ಲಾಸು! ನಾನು ಡಿಗ್ರೀಲೂ ಅಷ್ಟು ತೆಗೆದಿರ್ಲಿಲ್ಲ" ಎಂದೆ. ಉಸಿರು, ಮಂದಹಾಸ.

ಗಮನದ ಕಸರತ್ತು ನಮ್ಮಲ್ಲೂ ಇದೆ. ಅಷ್ಟಾವಧಾನದಲ್ಲಿ ಎಂಟು ಜನ ಪೃಚ್ಛಕರು ಎಂಟು ದಿಕ್ಕಿಗೆ ಎಳೆಯುತ್ತಾರೆ. ಒಬ್ಬರಿಗೆ ಪದ್ಯ ಕಟ್ಟುತ್ತಲೇ, ಅಪ್ರಸ್ತುತ ಪ್ರಸಂಗಿಯ ತರಲೆಗೆ ನಗುನಗುತ್ತ ಉತ್ತರ ಕೊಡುತ್ತಲೇ, ಅವಧಾನಿ ಎಲ್ಲವನ್ನೂ ನೆನಪಿಟ್ಟು ಕೊನೆಗೆ ಒಪ್ಪಿಸಬೇಕು. ಕೆಲವು ಕಡೆ ನಡುನಡುವೆ ಬಾರಿಸಿದ ಗಂಟೆಯ ಲೆಕ್ಕವನ್ನೂ ಹೇಳಬೇಕು. ಅಕ್ಕ ಒಮ್ಮೆ ಭಾವನಿಗೆ ಕುಕ್ಕರ್ ಒಂದನ್ನೇ ಒಪ್ಪಿಸಿ ಹೋದಳು: "ಮೂರು ಸಲ ಕೂಗಿದ್ಮೇಲೆ ಆಫ್ ಮಾಡಿ." ವಾಪಸು ಬಂದರೆ ಮನೆಯೆಲ್ಲ ಬೇಳೆ ಸೀದ ವಾಸನೆ. ಭಾವ ಒಲೆಯ ಪಕ್ಕದಲ್ಲೇ ಕುಳಿತಿದ್ದರು. "ಪ್ರತಿಯೊಂದು ಕೂಗನ್ನೂ ಪೂರ್ತಿ ಕೇಳಿಸ್ಕೊಂಡೆ ಕಣೇ. ಎಣಿಸ್ಲಿಲ್ಲ. ಎಣಿಸಿದ್ರೆ ಅದು ವಿಚಾರ ಆಗ್ಬಿಡ್ತಿತ್ತು." ಅಕ್ಕ ಆ ಕ್ಷಣದಲ್ಲೇ ಸಂಪೂರ್ಣವಾಗಿ ನೆಲೆನಿಂತು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಆದರೆ ಹಳೆಯ ಭಾವನನ್ನೂ ನಾನು ಕಂಡವನು. ಲ್ಯಾಪ್‌ಟಾಪ್ ನೋಡುತ್ತ ಉಂಡೆದ್ದು, ಏನು ತಿಂದೆ ಎಂದು ಅಕ್ಕನನ್ನೇ ಕೇಳುತ್ತಿದ್ದರು. ಮಕ್ಕಳು ಪರೀಕ್ಷೆಗೆಂದು "ಅಪ್ಪಾ, ಹಾಲ್‌ನಲ್ಲಿ ಆನೆ ಬಂದಿದೆ" ಎಂದಾಗ, "ಹ್ಞೂಂ, ಅಮ್ಮಂಗೆ ಹೇಳು" ಎಂದಿದ್ದರು.

ಈಚೆಗೆ ನನಗೊಂದು ಸೈಟಿನ ಖಾತೆಯ ತಕರಾರು. ಆ ಕಥೆ ಶುರು ಮಾಡಿದರೆ ಸಾಕು, ನೆಂಟರಲ್ಲಿ ಒಬ್ಬರಿಗೆ ಫೋನು ಬರುತ್ತದೆ, ಇನ್ನೊಬ್ಬರು "ನಂದು ಇದಕ್ಕಿಂತ ದೊಡ್ಡದು, ಕೇಳು" ಎಂದು ತಮ್ಮದನ್ನು ಬಿಚ್ಚುತ್ತಾರೆ. ಭಾವ ಮಾತ್ರ ಫೋನು ಬೋರಲು ಹಾಕಿ ಕುಳಿತರು. ಸರ್ವೆ ನಂಬರು, ಕ್ರಯಪತ್ರ, ಇ.ಸಿ., ಗುಮಾಸ್ತರ ರಜೆ, ಎಲ್ಲವನ್ನೂ ಕೇಳಿಸಿಕೊಂಡರು. ಸಲಹೆ ಕೊಡಲಿಲ್ಲ, ವಕೀಲರ ನಂಬರು ಕೊಡಲಿಲ್ಲ, ಗಡಿಯಾರ ನೋಡಲಿಲ್ಲ. ಹೇಳಿ ಮುಗಿಸುವ ಹೊತ್ತಿಗೆ ಯಾಕೋ ನನ್ನ ಗಂಟಲು ಕಟ್ಟಿತು. ಅಪ್ಪ ಕಷ್ಟಪಟ್ಟು ತೆಗೆದುಕೊಂಡ ಸೈಟು ಅದು. ಎದುರಿನವನ ಮಾತು ಮುಗಿಯುವವರೆಗೆ ಎದ್ದು ಹೋಗದೆ ಕೂರುವುದಕ್ಕೆ ಈ ಕಾಲದಲ್ಲಿ ಎಂಟು ವಾರದ ತರಬೇತಿಯೇ ಬೇಕೆಂದರೆ ಬೇಕಾಗಲಿ, ಅದಕ್ಕಾಗಿ ನಾಲ್ಕು ದೋಸೆ ಆರಿದರೆ ಆರಲಿ ಎಂದೂ ಅನಿಸಿತು.

ಭಾವ ಉಸಿರು ಎಳೆದುಕೊಂಡರು. ಸಮಾಧಾನದ ಮಾತು ಬರುತ್ತದೆಂದು ಕಾದೆ.

"ಕಚೇರಿ ಅಂದಾಗೆಲ್ಲ ನಿನ್ನ ಎಡಗಾಲು ಅಲ್ಲಾಡುತ್ತೆ ಕಣೋ. ಸುಮ್ನೆ ಗಮನಿಸ್ತಾ ಇರು."

ಅವತ್ತಿನಿಂದ ಆ ಕಚೇರಿಯ ಬೆಂಚಿನ ಮೇಲೆ ನನಗೆ ಇದೇ ಕೆಲಸ. ಖಾತೆಯೂ ಆಗಿಲ್ಲ, ಕಾಲೂ ನಿಂತಿಲ್ಲ. ಮೊನ್ನೆ ಗುಮಾಸ್ತರು ಎಂದಿನಂತೆ "ಮುಂದಿನ ವಾರ ಬನ್ನಿ" ಎಂದಾಗ ನನಗೇ ಅರಿವಿಲ್ಲದೆ ಶಾಂತವಾಗಿ ಮುಗುಳ್ನಕ್ಕೆ. ಪಕ್ಕದಲ್ಲಿ ಕಾಯುತ್ತಿದ್ದವರು ತಕ್ಷಣ ನನ್ನ ಕಿವಿಯ ಬಳಿ ಬಗ್ಗಿದರು: "ನೀವು ಎಷ್ಟು ಕೊಟ್ರಿ ಸಾರ್?"