ಟ್ಯಾಲಿಯಣ್ಣನ ಕ್ಲೋಸಿಂಗ್ ಸ್ಟಾಕ್

ಹಗಲೆಲ್ಲ ಮಂಡಿಪೇಟೆಯ ವರ್ತಕರ ಲೆಕ್ಕ ಬರೆದು, ರಾತ್ರಿ ಊಟವಾದ ಮೇಲೆ ಸ್ವಂತ ಲ್ಯಾಪ್‌ಟಾಪ್ ತೆರೆದು ಪೊಕೆಮಾನ್ ಕಾರ್ಡುಗಳನ್ನು ಜಮಾ ಮಾಡಿಕೊಳ್ಳುವ ಗೃಹಸ್ಥರು ತುಮಕೂರಿನಲ್ಲಿದ್ದಾರೆ. ನೀವು ನೋಡಿಲ್ಲವೆಂದರೆ ಗುರುತು ಸಿಕ್ಕಿಲ್ಲ, ಅಷ್ಟೆ. ಎಡಗೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗಿನ ಕಾರ್ಡು, ಬಲಗೈ ಬೆರಳು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಖರೀದಿ ಬರೆಯುವ ಎಫ್9 ಕೀಲಿಯ ಮೇಲೆ. ಇವರನ್ನು ಟ್ಯಾಲಿಯಣ್ಣ ಅನ್ನೋಣ.

ಕಾರ್ಡು ಕೊಳ್ಳುವುದು ಮಗನಿಗಂತೆ. ಮಗ ಪಿಯುಸಿಗೆ ಬಂದು, ಅವನ್ನು ಮುಟ್ಟಿ ಯಾವ ಕಾಲವಾಯಿತೋ. ನಿಜವಾದ ಕೊರಗು ಬೇರೆ. ತೊಂಬತ್ತರ ದಶಕದಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡು ಹಿಡಿದು ಎತ್ತರ, ತೂಕ, ರ‍್ಯಾಂಕು ಎಂದು ಕೂಗಿ ಕೂಗಿ ಇವರು ಇಡೀ ಕಟ್ಟನ್ನೇ ಸೋತಿದ್ದರು. ಆ ನಷ್ಟ ಯಾವ ಪುಸ್ತಕಕ್ಕೂ ಏರಲಿಲ್ಲ.

ಮಂಡಿಪೇಟೆಯ ಲೆಕ್ಕ ಸಲೀಸು. ನೂರು ಮೂಟೆ ಅಕ್ಕಿ ಬಂತು, ನಲವತ್ತು ಹೋಯಿತು, ಅರವತ್ತು ಉಳಿಯಿತು. ಕಾರ್ಡು ಹಾಗಲ್ಲ. 1999ರಲ್ಲಿ ಇಂಗ್ಲಿಷಿನಲ್ಲಿ ಬಂದ ಪೊಕೆಮಾನ್ ಮೊದಲ ಸೆಟ್ಟಿನಲ್ಲಿ 102 ಕಾರ್ಡುಗಳು. ಅದರ 4ನೇ ನಂಬರಿನ ಚಾರಿಜಾರ್ಡ್ ಮೇಲೆ ‘ಫಸ್ಟ್ ಎಡಿಷನ್’ ಮುದ್ರೆಯಿದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು, ಮೂಲೆ ಸವೆದಿದ್ದರೆ ಮತ್ತೊಂದು. ಅಮೆರಿಕದ ಪಿಎಸ್‌ಎ ಕಂಪನಿಯವರು ಕಾರ್ಡಿಗೆ 1ರಿಂದ 10ರವರೆಗೆ ಅಂಕ ಕೊಟ್ಟು ಗಟ್ಟಿ ಡಬ್ಬಿಯಲ್ಲಿ ಸೀಲು ಮಾಡಿ ಕಳಿಸುತ್ತಾರೆ. ಅಷ್ಟು ದೂರ ಕಳಿಸುವ ಧೈರ್ಯ ಟ್ಯಾಲಿಯಣ್ಣನಿಗಿಲ್ಲ. ಭೂತಗನ್ನಡಿ ಹಿಡಿದು ತಾವೇ ಮೌಲ್ಯಮಾಪನ ಮಾಡುತ್ತಾರೆ. ಹತ್ತಕ್ಕೆ ಹತ್ತು ಈವರೆಗೆ ಯಾವ ಕಾರ್ಡಿಗೂ ಬಿದ್ದಿಲ್ಲ.

ಹೀಗಾಗಿ ಸ್ಟಾಕ್ ಐಟಮ್ಮಿನ ಹೆಸರು ‘ಪಿಕಾಚು, ಹೊಳೆಯುವುದು, ಎಡಮೂಲೆ ಕೊಂಚ ಬಾಗಿದೆ, ಕುಣಿಗಲ್’ ಎಂದು ಪರದೆಯಾಚೆಗೂ ಹೋಗುತ್ತದೆ. ಗೋಡೌನುಗಳು ಮೂರು: ‘ಬೀರು ಮೇಲಿನ ಖಾನೆ’, ‘ಬೀರು ಕೆಳಗೆ, ಸೀರೆ ಹಿಂದೆ’, ‘ಗುಬ್ಬಿ ಭಾವಮೈದ’.

ವ್ಯವಹಾರದ ನಿಜವಾದ ಕಷ್ಟ ಇರುವುದು ಗುಬ್ಬಿಯಲ್ಲಿ. 1884ರಲ್ಲೇ ನಾಟಕ ಕಂಪನಿ ಕಟ್ಟಿದ ಊರು. ಅಲ್ಲಿನ ಹುಡುಗರ ಮುಖ ನೋಡಿ ಅವರಿಗೆ ಯಾವ ಕಾರ್ಡು ಬೇಕೆಂದು ಹೇಳಲು ಬ್ರಹ್ಮನಿಗೂ ಆಗದು. ಮೇಲಾಗಿ ಅವರು ಕಾಸು ಮುಟ್ಟುವವರಲ್ಲ, ಎಲ್ಲ ಅದಲುಬದಲು.

“ಅಂಕಲ್, ಈ ಎರಡು ಇಟ್ಕೊಳ್ಳಿ, ಆ ಹೊಳೆಯೋದು ಕೊಡಿ.”

“ಹಂಗೆಲ್ಲ ಆಗಲ್ಲ ಕಣಪ್ಪ. ನೀನು ನಂಗೆ ಎರಡು ಮಾರು, ಎಫ್9. ನಾನು ನಿಂಗೆ ಒಂದು ಮಾರ್ತೀನಿ, ಎಫ್8. ಆಮೇಲೆ ಎಫ್7ನಲ್ಲಿ ಜರ್ನಲ್ ಹಾಕಿ ಇಬ್ಬರದೂ ವಜಾ. ನಿನ್ನ ಬಿಲ್ ನಂಬರ್ ಹೇಳು.”

“ಬಿಲ್ಲಾ? ರೋಲ್ ನಂಬರ್ ಹಾಕ್ಕಳಿ ಅಂಕಲ್, ಇಪ್ಪತ್ಮೂರು. ಟ್ಯೂಷನ್‌ಗೆ ಹೊತ್ತಾಯ್ತು.”

ಟ್ಯಾಲಿಯಲ್ಲಿ ಇಂದಿಗೂ ಆ ಬಿಲ್ಲು ‘23/ಏಳನೇ ಬಿ’ ಎಂದೇ ಇದೆ.

ಕುಣಿಗಲ್ಲಿನವರ ವರಸೆಯೇ ಬೇರೆ. ಸ್ಟಡ್ ಫಾರ್ಮಿನ ಊರಲ್ಲವೇ, ಕುದುರೆಗೆ ಕೇಳುವಂತೆ ಕಾರ್ಡಿಗೂ ವಂಶಾವಳಿ ಕೇಳುತ್ತಾರೆ: ಯಾರ ಕೈಯಿಂದ ಬಂತು, ಪ್ಯಾಕೆಟ್ ಒಡೆದವರು ಯಾರು. ಈ ಪ್ರಶ್ನೆಗಳೆಂದರೆ ಟ್ಯಾಲಿಯಣ್ಣನಿಗೆ ಹಬ್ಬ. ಸ್ಟಾಕ್ ಐಟಮ್ಮಿನ ವೋಚರುಗಳನ್ನೆಲ್ಲ ಪ್ರಿಂಟ್ ತೆಗೆದು ಕೈಗಿಡುತ್ತಾರೆ. ಓದುವಷ್ಟರಲ್ಲಿ ಹುಡುಗರಿಗೆ ಕಾರ್ಡೇ ಬೇಡವಾಗಿರುತ್ತದೆ.

ಲಾಭದ ಮಾತು ಎತ್ತಬೇಡಿ. ಮಾಲು ತರುವ ಖರ್ಚು ಮಾಲಿನ ಅಸಲಿಗೆ ಸೇರಬೇಕು ಎಂಬುದು ಅವರ ಧರ್ಮ. 60 ರೂಪಾಯಿಯ ಕಾರ್ಡಿಗೆ ಹೋಗಿಬರುವ ಬಸ್ ಚಾರ್ಜು, ಆಟೋ, ತಟ್ಟೆ ಇಡ್ಲಿ ಎಲ್ಲ ಸೇರಿ ಅಸಲೇ 240 ದಾಟುತ್ತದೆ. ಮಾರಾಟ 75ಕ್ಕೆ. ನಷ್ಟವೇ, ಆದರೆ ಪೈಸೆಗೆ ಪೈಸೆ ತಾಳೆಯಾದ ನಷ್ಟ. ಅವರು ನೆಮ್ಮದಿಯಾಗಿ ಮಲಗುತ್ತಾರೆ. ಅವರ ಲೆಕ್ಕಕ್ಕೆ ಆಡಿಟ್ ಆಕ್ಷೇಪ ಬಂದದ್ದು ಒಮ್ಮೆ ಮಾತ್ರ, ಅದೂ ಅಡುಗೆಮನೆಯಿಂದ.

“ರೀ, ಕುಣಿಗಲ್ಲಿಗೆ ಹೋಗೋದು ಹೆಬ್ಬೂರಿನ ಮೇಲೆ. ಕ್ಯಾತ್ಸಂದ್ರದ ಇಡ್ಲಿ ಎಲ್ಲಿಂದ ಬಂತು?”

ಆ ಇಡ್ಲಿಯನ್ನು ಅಂದೇ ರಾತ್ರಿ ಸ್ವಂತ ಖರ್ಚಿಗೆ ವರ್ಗಾಯಿಸಲಾಯಿತು.

ಮಾರ್ಚ್ 31 ಬಂದರೆ ಟ್ಯಾಲಿಯಣ್ಣನನ್ನು ಹಿಡಿಯುವವರಿಲ್ಲ. ‘ಸಂಡ್ರಿ ಡೆಟರ್ಸ್’ ಪಟ್ಟಿಯಲ್ಲಿರುವವರೆಲ್ಲ ಮೀಸೆ ಮೂಡದವರು. ಆದರೂ ಪ್ರತಿಯೊಬ್ಬರಿಗೂ ಬಾಕಿ ದೃಢೀಕರಣ ಪತ್ರ ಅಂಚೆಯಲ್ಲಿ ಹೋಗಲೇಬೇಕು. ಈ ಸಲ ಕುಣಿಗಲ್ಲಿನಿಂದ ಒಬ್ಬರು ಗಾಬರಿಯಲ್ಲಿ ಫೋನ್ ಮಾಡಿದರು.

“ಸಾರ್, ನಮ್ಮುಡ್ಗ 85 ರೂಪಾಯಿ ಬಾಕಿ ಅಂತ ಕಾಗ್ದ ಬಂದೈತೆ. ಇವ್ನು ಯಾವ ಬ್ಯಾಂಕಲ್ಲಿ ಸಾಲ ಮಾಡವ್ನೆ?”

ಟ್ಯಾಲಿಯಣ್ಣ ತಾರೀಕು, ವೋಚರ್ ನಂಬರ್ ಸಮೇತ ವಿವರಿಸಿದರು. ಆ ಕಡೆ ಕೊಂಚ ಹೊತ್ತು ಮಾತಿಲ್ಲ.

“ಸಾರ್, ನಂದೊಂದು ಕೊಬ್ರಿ ವ್ಯಾಪಾರ ಐತೆ. ಲೆಕ್ಕ ಎಲ್ಲ ಚೀಟೀಲೇ. ಇಷ್ಟು ಸುದ್ದವಾಗಿ ನೀವೇ ಬರ್ಕೊಡ್ತೀರಾ? ಫೀಸು ಎಷ್ಟಾದ್ರೂ ಆಗ್ಲಿ.”

ಟ್ಯಾಲಿಯಣ್ಣ ಅಡುಗೆಮನೆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಫೀಸೆಲ್ಲ ಯಾಕೆ ಬುಡಿ. ನಿಮ್ಮ ಹುಡುಗನ ಹತ್ರ ಒಂದು ಬ್ಲಾಸ್ಟಾಯ್ಸ್ ಕಾರ್ಡೈತೆ. ಅದು ಕೊಡ್ಸಿ. ಬಿಲ್ಲೇನೂ ಬೇಡ.”